ಮೂವತ್ತೇಳನೆಯ ಹಾಳೆ

ವಾಚಕ ಮಹಾಶಯರೇ, ಸಹಿ ಹಾಕುವ ಮುನ್ನ ಓದಬೇಕೆಂಬ ಹಿತವಚನವನ್ನು ತಾವು ಎಳವೆಯಿಂದ ಕೇಳಿರುತ್ತೀರಿ; ಕೇಳಿ, ತಲೆಯಾಡಿಸಿ, ಓದದೆಯೇ ಸಹಿ ಹಾಕಿಯೂ ಇರುತ್ತೀರಿ. ಅಂಥವರನ್ನು ಹೀಗಳೆಯುವುದು ಈ ಕಥನದ ಉದ್ದೇಶವಲ್ಲ. ಹಾಳೆ ಎಣಿಸುವುದನ್ನೇ ಕಸುಬಾಗಿಸಿಕೊಂಡಿದ್ದ ಹೆಣ್ಣೊಬ್ಬಳಿಗೆ ಒದಗಿದ ಗತಿಯನ್ನು, ಅವಳ ಬಾಯಿಂದಲೇ ಕೇಳಿದಷ್ಟನ್ನು, ಏನನ್ನೂ ಸೇರಿಸದೆ ತಮ್ಮ ಮುಂದಿಡುತ್ತಿದ್ದೇನೆ. ಎದೆ ಗಟ್ಟಿಯಿರುವವರು ಮುಂದುವರಿಯುವುದು.

“ಕಡತ ಕೈಗೆ ಬಂದ್ರೆ ಅಲ್ಲೇ ಕೂತ್ಕೊಂಡು ಒಂದೊಂದೇ ಹಾಳೆ ಓದಿ. ಓದಿದ ಮೇಲೇ ಸಹಿ. ಒಂದು ಹಾಳೆ ಅವರ ಹತ್ರ ಉಳಿದ್ರೂ, ಅದರಲ್ಲಿ ಇರೋದೆಲ್ಲಾ ಅವರದ್ದೇ.”

ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಕುಳಿತ ಮುದಿ ಟೈಪಿಸ್ಟು ಇಷ್ಟನ್ನು ತಗ್ಗಿದ ದನಿಯಲ್ಲಿ ಹೇಳಿ, ಮೇಲಿನ ಮಹಡಿಯತ್ತ ಕಣ್ಣೆತ್ತಿ ನೋಡಿ, ಮತ್ತೆ ತನ್ನ ಯಂತ್ರದ ಮೇಲೆ ಬಾಗಿದ. ಎದುರಿಗೆ ನಿಂತಿದ್ದ ಹೆಂಗಸು ನಕ್ಕುಬಿಟ್ಟಳು. ಹಳೆಯ ವಕೀಲನಿಂದ ತನ್ನ ಕಡತ ಬಿಡಿಸಿಕೊಳ್ಳಲು ಅವಳು ಆ ಕಟ್ಟಡಕ್ಕೆ ಬಂದದ್ದು ಅದು ಏಳನೆಯ ಸಲ. ಆರು ಸಲವೂ “ನಾಳೆ ಬನ್ನಿ” ಎಂಬ ಉತ್ತರ ಸಿಕ್ಕಿತ್ತು.

“ನಿಮ್ಮದೇನು ಉಳೀತು ತಾತ, ಅವರ ಹತ್ರ?”

“ಮನೆ ನಕ್ಷೆ.”

“ಇನ್ನೊಂದು ಬರೆಸಿದ್ರಾಯ್ತಪ್ಪ.”

“ನಕ್ಷೆ ಬರೆಸ್ಬಹುದಮ್ಮ. ಮನೆ ಸಿಗ್ಬೇಕಲ್ಲ. ಹನ್ನೊಂದು ವರ್ಷ ಆಯ್ತು, ದಿನಾ ಸಂಜೆ ಹೋಗ್ತೀನಿ. ಔಷಧಿ ಅಂಗಡಿ ಬರುತ್ತೆ. ಅದರ ಪಕ್ಕ ನಮ್ಮನೆ ಗೇಟು ಬರ್ಬೇಕು, ಬರಲ್ಲ. ಬರೀ ಗೋಡೆ. ಗೋಡೆಗೆ ಕಿವಿ ಇಟ್ರೆ ಒಳಗೆ ನನ್ನ ಹೆಂಡತಿ ಪಾತ್ರೆ ತೊಳೆಯೋ ಸದ್ದು ಕೇಳುತ್ತೆ.”

“ಟ್ಯಾಕ್ಸಿಯವನಿಗೆ ಹೇಳಿ. ಅವರು ಎಂಥ ಅಡ್ರೆಸ್ಸಾದ್ರೂ ಹುಡುಕ್ತಾರೆ,” ಎಂದು ಅವಳು ಮೆಟ್ಟಿಲು ಹತ್ತಿದಳು.

ಅವಳು ಮುದ್ರಣಾಲಯವೊಂದರಲ್ಲಿ ಪುಸ್ತಕ ಹೊಲಿಯುವವಳು. ಕಾಗದದ ಕಟ್ಟಿನ ಅಂಚಿನ ಮೇಲೆ ಹೆಬ್ಬೆರಳನ್ನು ಒಮ್ಮೆ ಎಳೆದರೆ ಸಾಕು, ಇಷ್ಟೇ ಹಾಳೆಯೆಂದು ಹೇಳಿಬಿಡುತ್ತಿದ್ದಳು, ತಪ್ಪಿದ್ದೇ ಇಲ್ಲ. ಜೊತೆಗಾರರು ಅವಳಿಗೆ ಇಟ್ಟ ಅಡ್ಡಹೆಸರು ‘ಹೆಬ್ಬೆಟ್ಟು’. “ನಮ್ಮಲ್ಲಿ ಓದು ಬಂದೂ ಹೆಬ್ಬೆಟ್ಟಾದವಳು ಇವಳೊಬ್ಬಳೇ” ಎಂದು ಅವರು ಗೇಲಿ ಮಾಡಿದರೆ ಅವಳಿಗೆ ಅದು ಪದಕ ತೊಡಿಸಿದಂತೆ. ಗಂಡನನ್ನು ಬಿಟ್ಟು, ಎಂಟು ವರ್ಷದ ಮಗಳೊಂದಿಗೆ ಈ ಊರಿನ ಅಕ್ಕನ ಮನೆಗೆ ಬಂದು ವರ್ಷವಾಗಿತ್ತು. ಮಗಳಿಗೆ ಮನೆಯಲ್ಲಿ ಗುಬ್ಬಿ ಎಂದು ಹೆಸರು. ಎದ್ದಾಗಿನಿಂದ ಮಲಗುವ ತನಕ ಬಾಯಿಗೆ ಬೀಗವಿಲ್ಲ. ಆ ಗುಬ್ಬಿ ತನಗೇ ಸೇರಬೇಕೆಂದು ಗಂಡ ದಾವೆ ಹೂಡಿದ್ದ. ಹಳೆಯ ವಕೀಲ ಹದಿನಾಲ್ಕು ವಾಯಿದೆಗಳಲ್ಲಿ ಒಮ್ಮೆಯೂ ಬಾಯಿ ತೆರೆಯಲಿಲ್ಲ. ಬೇಸತ್ತು ಅವಳು ಹೊಸ ವಕೀಲೆಯನ್ನು ಹಿಡಿದಳು.

ಹೊಸ ವಕೀಲೆ ಕಡ್ಡಿ ಮುರಿದಂತೆ ಮಾತಾಡುವವಳು. “ನೋಡಮ್ಮ, ನಾಳೆ ಹನ್ನೊಂದಕ್ಕೆ ಕೊನೇ ವಿಚಾರಣೆ. ಕಡತದ ಮೂವತ್ತೇಳನೇ ಹಾಳೆ ಇಲ್ದೆ ನಾನು ಅಲ್ಲಿ ನಿಂತ್ಕೊಂಡು ಏನು ಮಾಡ್ಲಿ, ಹಾಡು ಹೇಳ್ಲಾ?” ಎಂದಿದ್ದಳು. ಮೂವತ್ತೇಳನೆಯ ಹಾಳೆಯೆಂದರೆ ಗುಬ್ಬಿ ತನ್ನ ಕೈಯಾರೆ ಬರೆದ ಹೇಳಿಕೆ: ನಾನು ಅಮ್ಮನ ಹತ್ತಿರಾನೇ ಇರ್ತೀನಿ. ಅದನ್ನು ನ್ಯಾಯಾಲಯಕ್ಕೆ ಸಲ್ಲಿಸದೆ ಹಳೆಯ ವಕೀಲ ತನ್ನ ಕಪಾಟಿನಲ್ಲಿಯೇ ಇಟ್ಟುಕೊಂಡಿದ್ದ.

ಮೂರನೆಯ ಮಹಡಿಯ ಆ ಕೋಣೆಗೆ ಕಿಟಕಿಯಿರಲಿಲ್ಲ. ಹೊರಗೆ ನಡುಹಗಲಿನ ಬಿಸಿಲು ರಾಚುತ್ತಿದ್ದರೂ ಒಳಗೆ ಬಾವಿಯ ತಳದ ಕತ್ತಲು. ನುಸಿಗುಳಿಗೆಯ ವಾಸನೆ, ಹಳಸಿದ ಗೋಂದಿನ ವಾಸನೆ, ಇವೆರಡರ ಅಡಿಯಲ್ಲಿ ಸುಟ್ಟ ಕೂದಲಿನಂಥ ಮೂರನೆಯದೊಂದು. ನೆಲದಿಂದ ಸೂರಿನವರೆಗೆ ಕಡತಗಳು. ಪ್ರತಿಯೊಂದಕ್ಕೂ ಕಪ್ಪು ದಾರ, ಏಳು ಗಂಟು. ದಾರದೊಡನೆ ಬದುಕಿದವಳಾದ್ದರಿಂದ ಅವಳ ಕಣ್ಣು ಮೊದಲು ಅಲ್ಲಿಗೇ ಹೋಯಿತು. ಅದು ಹತ್ತಿಯಲ್ಲ, ನಾರಲ್ಲ, ರೇಷ್ಮೆಯೂ ಅಲ್ಲ. ಹೊಸೆದ ತಲೆಗೂದಲು. ಮುದುಕರ ಜಿಪುಣತನಕ್ಕೆ ಮಿತಿಯಿಲ್ಲವೆಂದುಕೊಂಡಳು.

ಮೇಜಿನ ಆಚೆ ವಕೀಲ ಕುಳಿತಿದ್ದ. ಒಣಗಿದ ಮುದಿ ದೇಹ, ಸವೆದ ಕೋಟು, ಮಿತಿಮೀರಿದ ವಿನಯ. ಪುಟ ಮಗುಚಲು ಬೆರಳನ್ನು ನಾಲಿಗೆಗೆ ತಾಗಿಸಿದಾಗ ಕಂಡಿತು: ನಾಲಿಗೆ ಮಸಿಯಷ್ಟು ಕಪ್ಪಾಗಿತ್ತು.

“ಈವತ್ತು ಕೊಟ್ಟುಬಿಡ್ತೀನಿ ತಾಯಿ,” ಎಂದ. “ನಿಮ್ಮನ್ನ ಸುಮ್ನೆ ಅಲೆಸಿದೆ. ಎಂಬತ್ನಾಲ್ಕು ಹಾಳೆ. ಓದಿ ನೋಡ್ತೀರಾ? ಅಥವಾ ನಿಮ್ಮ ಹೆಬ್ಬೆರಳಿಗೇ ಗೊತ್ತಾಗುತ್ತೋ?”

ತನ್ನ ಹೆಬ್ಬೆರಳಿನ ಸುದ್ದಿ ಇವನಿಗೆ ಹೇಗೆ ತಿಳಿಯಿತೆಂದು ಅವಳು ಕೇಳಬೇಕಿತ್ತು. ಕೇಳಲಿಲ್ಲ, ಹೊಗಳಿಕೆ ಹಿತವಾಗಿತ್ತು. ಕಟ್ಟಿನ ಅಂಚಿನ ಮೇಲೆ ಬೆರಳನ್ನು ಸರ್ರನೆ ಎಳೆದಳು. ಎಂಬತ್ನಾಲ್ಕು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಅವನು ಮುಂದಿಟ್ಟ ಪುಸ್ತಕದಲ್ಲಿ ‘ಕಡತ ಪೂರ್ತಿಯಾಗಿ ತಲುಪಿದೆ’ ಎಂಬ ಸಾಲಿನ ಕೆಳಗೆ ಸಹಿ ಹಾಕಿದಳು. ಹೊಸ ವಕೀಲೆ ನಿಲ್ಲಲು ತನ್ನ ಅಭ್ಯಂತರವಿಲ್ಲವೆಂಬ ಚೀಟಿಗೆ ಅವನು ಸಹಿ ಹಾಕಿದ. ಎರಡು ಲೇಖನಿಗಳೂ ಒಟ್ಟಿಗೆ ನಿಂತವು. ಆ ಕ್ಷಣದಲ್ಲಿ ಹಿಂದಿನ ಕಪಾಟಿನೊಳಗೆ ಏನೋ ಚಿಕ್ಕದೊಂದು ಕೆಮ್ಮಿದಂತಾಯಿತು.

ಕೆಳಗೆ ಟೈಪಿಸ್ಟು ಕೇಳಿದ: “ಓದಿದ್ರಾ?”

ಅವಳು ಹೆಬ್ಬೆರಳನ್ನೆತ್ತಿ ತೋರಿಸಿ ನಡೆದಳು.

ಮುದ್ರಣಾಲಯದ ಕೆಲಸ ಮುಗಿಸಿ ಬಂದಾಗ ಮನೆಯ ಹೊಸಿಲಲ್ಲೇ ಅಕ್ಕ ಎದುರಾದಳು. “ಏನಾಯ್ತೋ ಗೊತ್ತಿಲ್ಲ ಕಣೇ. ಊಟ ಮಾಡ್ತಾ ಅದೇನೋ ಕಥೆ ಹೇಳ್ತಿದ್ಲು, ಅರ್ಧಕ್ಕೇ ನಿಲ್ಲಿಸಿಬಿಟ್ಲು. ಆಗಿಂದ ಒಂದು ಮಾತಿಲ್ಲ.”

ಗುಬ್ಬಿ ಗೋಡೆಗೊರಗಿ ಕುಳಿತಿದ್ದಳು. ಕಣ್ಣುಗಳು ಅಗಲವಾಗಿ ತೆರೆದಿದ್ದವು. ಎರಡೂ ಕೈಗಳಿಂದ ಗಂಟಲನ್ನು ಹಿಡಿದುಕೊಂಡಿದ್ದಳು.

“ಗುಬ್ಬೀ, ಏನಮ್ಮ? ಅಮ್ಮಂಗೆ ಹೇಳು.”

ಮಗು ಬಾಯಿ ತೆರೆಯಿತು. ಒಳಗಿನಿಂದ ಕಾಗದ ಮಗುಚಿದ ಸದ್ದು ಬಂತು. ಸರ್. ಸರ್. ಸರ್. ತಾಯಿ ಅದರ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ನಾಲಿಗೆ ಬಿಳಿಯಾಗಿತ್ತು. ಬರೆಯದ ಹಾಳೆಯಂತೆ ಬಿಳಿ, ಹಾಳೆಯಂತೆ ಒಣಕಲು. ಬೆರಳಿನಿಂದ ಮುಟ್ಟಿದಳು. ಎಷ್ಟು ತೂಕದ ಕಾಗದವೆಂದು ಅವಳ ಬೆರಳಿಗೆ ಗೊತ್ತಾಗಿಬಿಟ್ಟಿತು.

ಕಡತ ಬಿಚ್ಚಿದಳು. ಮೂವತ್ತೈದು. ಮೂವತ್ತಾರು. ಮೂವತ್ತೇಳು ಖಾಲಿ. ಅದೇ ದಪ್ಪದ, ಅದೇ ಅಳತೆಯ ಬರಿಯ ಹಾಳೆ. ಹೆಬ್ಬೆರಳು ಸುಳ್ಳು ಹೇಳಿರಲಿಲ್ಲ. ಅದಕ್ಕೆ ಓದು ಬರುತ್ತಿರಲಿಲ್ಲ, ಅಷ್ಟೇ.

ಅವಳು ಓಡಿದಳು. ಸಂಜೆಯ ಬೀದಿಯಲ್ಲಿ ಅಂಗಡಿಗಳ ದೀಪಗಳು ಹೊತ್ತಿಕೊಳ್ಳುತ್ತಿದ್ದವು. ಗೂಡಿನಲ್ಲಿ ಟೈಪಿಸ್ಟು ಇರಲಿಲ್ಲ. ಅವನು ತನ್ನ ಗೋಡೆಗೆ ಕಿವಿಯಿಡಲು ಹೋಗಿದ್ದ. ಮೊದಲ ಮಹಡಿ. ಎರಡನೆಯದು. ಮೂರನೆಯ ಮಹಡಿಯ ಬಾಗಿಲು ಅವಳಿಗಾಗಿಯೇ ತೆರೆದಿತ್ತು. ಒಳಗೆ ಕತ್ತಲು ಪಿಸುಗುಡುತ್ತಿತ್ತು. ಕಪಾಟಿನಿಂದ ಕಪಾಟಿಗೆ, ಕಟ್ಟಿನಿಂದ ಕಟ್ಟಿಗೆ, ಗಂಟಲು ಕಳೆದುಕೊಂಡ ನೂರಾರು ದನಿಗಳು. ಒಂದು ಬೇಡುತ್ತಿತ್ತು. ಒಂದು ಎಣಿಸುತ್ತಿತ್ತು. ಒಂದು ಬರಿಯ ಪಾತ್ರೆ ತೊಳೆಯುತ್ತಿತ್ತು. ಅವುಗಳ ನಡುವೆ, ಎಡಗಡೆಯ ಮೂರನೆಯ ಸಾಲಿನಿಂದ, ಸ್ಪಷ್ಟವಾಗಿ, ಬಿಡುವಿಲ್ಲದೆ:

“ಅಮ್ಮನ ಹತ್ತಿರಾನೇ ಇರ್ತೀನಿ. ಅಮ್ಮನ ಹತ್ತಿರಾನೇ ಇರ್ತೀನಿ.”

“ಕೊಡಿ,” ಎಂದಳು. ಉಸಿರು ಸಾಲುತ್ತಿರಲಿಲ್ಲ. “ನನ್ನ ಮಗೂದು ಕೊಡಿ.”

“ಪೂರ್ತಿ ತಲುಪಿದೆ ಅಂತ ಸಹಿ ಹಾಕಿದೀರಲ್ಲ ತಾಯಿ.” ಕತ್ತಲಲ್ಲಿ ಅವನ ಮುಖ ಕಾಣಲಿಲ್ಲ, ಬೆರಳು ನಾಲಿಗೆಗೆ ತಾಗಿದ ತೇವದ ಸದ್ದು ಮಾತ್ರ ಕೇಳಿಸಿತು. “ಆದ್ರೂ ನಾನು ಕಟುಕನಲ್ಲ. ಹಾಳೆಗೆ ಹಾಳೆ. ಅದೇ ಕಡತದ್ದೇ ಇನ್ನೊಂದು ಕೊಡಿ, ಇದನ್ನ ಬಿಡ್ತೀನಿ. ಒಂದೇ ಮಾತು, ಮಗುವಿನ ಹೆಸರಿರೋ ಹಾಳೆ ಕೊಡ್ಬೇಡಿ. ಕೊಟ್ರೆ ಅವಳನ್ನೇ ಇನ್ನೊಂದಿಷ್ಟು ಕೊಟ್ಟ ಹಾಗೆ.”

ಬಾಗಿಲ ಸಂದಿಯ ಬೆಳಕಿನಲ್ಲಿ ಅವಳು ಕಡತವನ್ನು ತಿರುವಿದಳು. ದಾವೆಯಲ್ಲಿ ಮಗುವಿನ ಹೆಸರು. ಆಕ್ಷೇಪಣೆಯಲ್ಲಿ ಮಗುವಿನ ಹೆಸರು. ಶಾಲೆಯ ಪತ್ರ, ವೈದ್ಯರ ಪತ್ರ, ಅಕ್ಕನ ಸಾಕ್ಷ್ಯ, ಎಲ್ಲದರಲ್ಲೂ ಗುಬ್ಬಿ. ಕೊನೆಗೆ ಹಿಂದಿನಿಂದ ಮುಂದಕ್ಕೆ ಬಂದಾಗ ಸಿಕ್ಕಿತು ಮೊದಲನೆಯ ಹಾಳೆ. ವಕಾಲತ್ತಿನ ಪತ್ರ. ಇವನನ್ನು ವಕೀಲನನ್ನಾಗಿ ನೇಮಿಸಿದ ದಿನ ಅವಳು ಸಹಿ ಹಾಕಿದ್ದ, ನಾಲ್ಕು ಸಾಲಿನ ಅಚ್ಚಿನ ಕಾಗದ. ಅದರಲ್ಲಿ ಅವಳದೊಂದೇ ಹೆಸರು.

ಅವಳಿಗೆ ನಗು ಬಂತು. ಹೊಸ ವಕೀಲೆಗೆ ಬೇರೆಯದನ್ನು ಬರೆದುಕೊಟ್ಟಾಗಿತ್ತು. ಇದು ರದ್ದಾದ ಚಿಂದಿ. ಮುದುಕ ತನ್ನ ಬಲೆಯಲ್ಲಿ ತಾನೇ ತೂತು ಬಿಟ್ಟಿದ್ದನೆಂದುಕೊಂಡಳು.

“ತಗೊಳ್ಳಿ. ಸತ್ತ ಕಾಗದ.”

“ಇಲ್ಲಿ ಸತ್ತದ್ದಕ್ಕೇ ಬೆಲೆ ತಾಯಿ. ಒಮ್ಮೆ ಓದಿ ಕೊಡಿ.”

“ಓದೋಕೆ ಪುರುಸೊತ್ತಿಲ್ಲ.”

“ನಾನು ಹೇಳಿದ್ದೆ ಅಂತ ನೆನಪಿರ್ಲಿ,” ಎಂದ, ಬಹಳ ಮೃದುವಾಗಿ. “ಗಂಟು ಬಿದ್ಮೇಲೇ ಇದು ನಂದಾಗೋದು, ಬೆಳಿಗ್ಗೆ ಹಾಕ್ತೀನಿ. ಈ ಹೊತ್ತಲ್ಲಿ ಕಣ್ಣು ಮಂಜು.”

ಮೂವತ್ತೇಳನೆಯ ಹಾಳೆಯನ್ನು ಎದೆಗವಚಿಕೊಂಡು ಅವಳು ಮೆಟ್ಟಿಲಿಳಿದಳು. ಬೆನ್ನ ಹಿಂದೆ ವಕೀಲ ಆ ನಾಲ್ಕು ಸಾಲುಗಳನ್ನು ಗಟ್ಟಿಯಾಗಿ ಓದಲಾರಂಭಿಸಿದ್ದ: ನನ್ನ ಪರವಾಗಿ, ನನ್ನ ಸ್ಥಾನದಲ್ಲಿ ನಿಲ್ಲಲು, ನನ್ನ ಮಾತನ್ನಾಡಲು, ನನಗೆ ಬರಬೇಕಾದದ್ದನ್ನು ಪಡೆಯಲು. ಮೊದಲ ಸಾಲು ಗಂಡಸಿನ ದನಿಯಲ್ಲಿತ್ತು. ಕೊನೆಯ ಸಾಲು ಹೆಂಗಸಿನದು. ಆ ದನಿಯನ್ನು ಎಲ್ಲೋ ಕೇಳಿದ್ದೇನೆಂದು ಅವಳಿಗನ್ನಿಸಿತು. ನಿಂತು ಯೋಚಿಸಲಿಲ್ಲ.

ಮನೆಯಲ್ಲಿ ಗುಬ್ಬಿ ನಿದ್ದೆಹೋಗಿದ್ದಳು. ತುಟಿಗಳ ನಡುವೆ ನಾಲಿಗೆ ಕೆಂಪಗೆ ಮಿನುಗುತ್ತಿತ್ತು. “ಅಮ್ಮಾ, ಕಥೆ ಇನ್ನೂ ಮುಗಿದಿಲ್ಲ,” ಎಂದು ನಿದ್ದೆಯಲ್ಲೇ ಗೊಣಗಿ ಮಗ್ಗುಲಾದಳು. ಅಕ್ಕತಂಗಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು.

ಬೆಳಿಗ್ಗೆ ಮಗುವನ್ನು ಹನ್ನೊಂದಕ್ಕೆ ಕರೆತರಲು ಅಕ್ಕನಿಗೆ ಹೇಳಿ, ಅವಳು ಮುಂಚಿತವಾಗಿ ಹೋಗಿ ಕಡತವನ್ನು ಹೊಸ ವಕೀಲೆಯ ಕೈಗಿಟ್ಟಳು. ವಕೀಲೆ ಮೂವತ್ತೇಳನೆಯ ಹಾಳೆಯನ್ನು ಓದಿ, “ಶಭಾಷ್, ಗೆದ್ದೆ ಅಂತಾನೇ ತಿಳ್ಕೊ,” ಎಂದಳು.

ಹನ್ನೊಂದಕ್ಕೆ ಹೆಸರು ಕೂಗಿದರು. ಅವಳು ಎದ್ದು ನಿಂತಳು.

“ಏನಮ್ಮ, ನಿನ್ನ ಹೆಸರು ಕರೆದಾಗ ಬಾ. ಈಗ ಕೂತ್ಕೊ,” ಎಂದ ಜವಾನ.

“ನನ್ನದೇ ಕರೆದದ್ದು.”

ಅವನು ಬಾಗಿಲತ್ತ ತಿರುಗಿ ಅದೇ ಹೆಸರನ್ನು ಮತ್ತೊಮ್ಮೆ ಕೂಗಿದ. ಹೊಸ ವಕೀಲೆ ತಿರುಗಿ ನೋಡಿದಳು. ಒಂದು ಗಂಟೆಯ ಹಿಂದೆ ಬೆನ್ನು ತಟ್ಟಿದ್ದ ಹೆಂಗಸು ಈಗ ಕಿಟಕಿಯ ಗಾಜಿನಾಚೆ ನೋಡುವಂತೆ ಅವಳನ್ನು ದಾಟಿ ಆಚೆ ನೋಡಿ, “ನನ್ನ ಕಕ್ಷಿದಾರಳು ಬಂದಳು,” ಎಂದು ನ್ಯಾಯಾಧೀಶರಿಗೆ ಹೇಳಿದಳು.

ಬಾಗಿಲು ತೆರೆಯಿತು. ಅಕ್ಕ ಬಂದಳು. ಅಕ್ಕನ ಪಕ್ಕದಲ್ಲಿ ಹಳೆಯ ವಕೀಲ. ಅದೇ ಸವೆದ ಕೋಟು, ಅದೇ ವಿನಯ. ಅವನ ಹಳದಿ ಉಗುರಿನ ಬೆರಳುಗಳನ್ನು ಹಿಡಿದುಕೊಂಡು ಗುಬ್ಬಿ ಕುಣಿಯುತ್ತ ಬರುತ್ತಿದ್ದಳು. ಮಾತು, ಮಾತು, ನಿಲ್ಲದ ಮಾತು. ಎದುರುಪಕ್ಷದ ಬೆಂಚಿನಲ್ಲಿ ಗಂಡ, ಬಿಟ್ಟುಹೋದ ಹೆಂಡತಿಯನ್ನು ಕಂಡವನಂತೆ, ಆ ಮುದುಕನೆದುರು ಕಣ್ಣು ತಗ್ಗಿಸಿದ.

ನ್ಯಾಯಾಧೀಶರು ಹಾಳೆಯನ್ನು ಓದಿದರು. ಕನ್ನಡಕ ತೆಗೆದು ಕೇಳಿದರು: “ಇದು ನೀನೇ ಬರೆದದ್ದಾ ಮಗು?”

“ಹೂಂ. ಅಮ್ಮನ ಹತ್ತಿರಾನೇ ಇರ್ತೀನಿ.”

“ಅಮ್ಮ ಎಲ್ಲಿದಾರೆ?”

ಗುಬ್ಬಿ ಮುದುಕನ ತೋಳಿಗೆ ಕೆನ್ನೆಯೊತ್ತಿ ನಕ್ಕಳು. “ಇಲ್ಲೇ.”

ಹೆತ್ತವಳು ಬೆಂಚುಗಳ ನಡುವೆ ನುಗ್ಗಿದಳು. ಅಕ್ಕನ ಸೆರಗು ಹಿಡಿದಳು. ಅಕ್ಕ ಬೆಚ್ಚಿ ಕೊಸರಿಕೊಂಡಳು. “ನಾನು ಕಣೇ, ನಾನು.” ಯಾರೂ ನಂಬಲಿಲ್ಲ. ಅವಳ ಗಂಟಲಿನಿಂದ ಹೊರಡುತ್ತಿದ್ದುದು ಮುದುಕನ ಒಡಕು ದನಿ. ತೀರ್ಪು ಬರೆಯುವ ಲೇಖನಿ ಓಡುತ್ತಿತ್ತು. ಮಗು ತಾಯಿಗೆ. ಪೂರ್ತಿಯಾಗಿ ತಾಯಿಗೆ. ಅವಳು ದಾವೆ ಗೆದ್ದಿದ್ದಳು.

“ಗುಬ್ಬೀ,” ಎಂದು ಆ ಒಡಕು ದನಿಯಲ್ಲೇ ಕರೆದಳು.

ಮಗು ಸರಕ್ಕನೆ ಮುದುಕನ ಕೋಟಿನ ಹಿಂದೆ ಅಡಗಿತು. “ಅಮ್ಮ, ಆ ಹೆಂಗಸು ಯಾರು? ನನ್ನ ಹೆಸರು ಅವಳಿಗೆ ಹೇಗೆ ಗೊತ್ತು?”

ಮುದುಕ ಬಾಗಿ ಮಗುವಿನ ಮುಂಗುರುಳನ್ನು ಸರಿಪಡಿಸಿದ. ಅವಳು ದಿನವೂ ಸರಿಪಡಿಸುತ್ತಿದ್ದ ರೀತಿಯಲ್ಲೇ, ಎರಡು ಬೆರಳಿನಿಂದ, ಕಿವಿಯ ಹಿಂದಕ್ಕೆ. ಆಮೇಲೆ ಅವಳದೇ ದನಿಯಲ್ಲಿ ಹೇಳಿದ:

“ಯಾರೋ ಪಾಪ. ಕೇಸು ಸೋತವಳಿರ್ಬೇಕು. ಬಾ, ಮನೆಗೆ ಹೋಗೋಣ.”

ಈಗ ಆ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಇಬ್ಬರು ಕೂರುತ್ತಾರೆ. ಅವನು ಟೈಪು ಮಾಡಿದ್ದನ್ನು ಅವಳು ಹೊಲಿಯುತ್ತಾಳೆ, ಒಂದೊಂದೇ ಹಾಳೆಯನ್ನು ಎರಡೆರಡು ಸಲ ಓದಿ. ಮೇಲೆ ಹತ್ತುವವರಿಗೆ ಇಬ್ಬರೂ ಹೇಳುತ್ತಾರೆ, ಹತ್ತುವವರು ನಗುತ್ತಾರೆ. ಐದು ಗಂಟೆಗೆ ಹಳೆಯ ವಕೀಲ ಬಾಗಿಲಿಗೆ ಬೀಗ ಹಾಕಿ ಅವಸರದಿಂದ ಇಳಿದು ಹೋಗುತ್ತಾನೆ. ಮನೆಯಲ್ಲಿ ಮಗು ಕಾಯುತ್ತಿರುತ್ತದೆ.

ಆ ಗೂಡಿನ ಪಕ್ಕದ ಕಲ್ಲಿನ ಮೇಲೆ ಕುಳಿತು ನಾನು ಇಷ್ಟನ್ನು ಬರೆದುಕೊಂಡೆ. ಬೆನ್ನು ಹರಿದಿದ್ದ ನನ್ನ ಪುಸ್ತಕವೊಂದನ್ನು ಅವಳು ಕೇಳದೆಯೇ ಎತ್ತಿಕೊಂಡು ಹೊಲಿದುಕೊಟ್ಟಳು. ಅದನ್ನು ಚೀಲಕ್ಕೆ ಹಾಕಿದೆ. ಎರಡು ಅಂಗಿ, ಒಂದು ಚಾದರ, ಮಸಿಕುಡಿಕೆ ಎಲ್ಲವನ್ನೂ ಒಳಗಿಟ್ಟು ಬಾಯಿ ಬಿಗಿದೆ. ಮೇಲಿನ ಮಹಡಿಯಲ್ಲಿ ಬಾಗಿಲು ತೆರೆದ ಸದ್ದಾಯಿತು. ಯಾರೆಂದು ನೋಡಲು ನಿಲ್ಲದೆ ಚೀಲವನ್ನು ಹೆಗಲಿಗೇರಿಸಿ ದಾರಿ ಹಿಡಿದೆ.