ಸಹಿ ಹಾಕದ ಇಂಜಿನಿಯರ್

"ಇವತ್ತೂ ಬೀಗಾನೇನ್ರಿ?"

ಯಶೋಧಾಳ ದನಿಗೆ ಸುನೀಲಕುಮಾರನ ಕೈಯ ಚಹಾ ತುಳುಕಿತು. ಸಿಟ್ಟು ಬಂದರೆ ಅವಳ ಮೂಗಿನ ತುದಿ ಕೆಂಪಾಗುತ್ತದೆ. ಮೂರು ವಾರದಿಂದ ಅದನ್ನು ಕದ್ದು ನೋಡುವುದೇ ಅವನ ಕೆಲಸ.

"ಮಂತ್ರಿಗಳು ಬಂದು ರಿಬ್ಬನ್ ಕತ್ತರಿಸೋತನಕ ಮಷಿನ್ ಮುಟ್ಟಬಾರದಂತ್ರಿ. ಟ್ರಸ್ಟಿನ ಸೆಕ್ರೆಟರಿ ಬಸಂತರಾಯರ ಆರ್ಡರ್."

ಅದು ೨೦೦೯. ಬಸವನ ಬಾಗೇವಾಡಿಯ ಟ್ರಸ್ಟ್ ಆಸ್ಪತ್ರೆಯಲ್ಲಿ ಯಶೋಧಾ ಮಕ್ಕಳ ಫಿಜಿಯೋಥೆರಪಿಸ್ಟ್. ಮಕ್ಕಳ ಕಾಲಿಗೆ ಕಟ್ಟಿ, ಓಡುವ ಪಟ್ಟಿಯ ಮೇಲೆ ಹೆಜ್ಜೆ ಹಾಕಿಸುವ ರೋಬೋಟ್ ಯಂತ್ರವನ್ನು ಜೋಡಿಸಲು ಪುಣೆಯಿಂದ ಬಂದವನು ಸುನೀಲಕುಮಾರ. ಟ್ರಯಲ್ ದಿನ ಇಂಗಳೇಶ್ವರದ ಐದು ವರ್ಷದ ಮುಬೀನಾ ಅದರಲ್ಲಿ ನಡೆದಳು. ಹುಟ್ಟಿದಾಗಿನಿಂದ ಸೆಟೆದಿದ್ದ ಕಾಲುಗಳು ಒಂದರ ಹಿಂದೊಂದು ಎದ್ದವು. ಆ ಫೋಟೋ ಉದ್ಘಾಟನೆಯ ಆಮಂತ್ರಣ ಪತ್ರಿಕೆಗೆ ಹೋಯಿತು. ಮರುದಿನವೇ ಕೋಣೆಗೆ ಬೀಗ ಬಿತ್ತು.

ಇವತ್ತೂ ತಾಯಿ ಸೈದಾಬಿ ಮಗಳನ್ನು ಸೊಂಟದ ಮೇಲೆ ಹೊತ್ತು, ಬಸ್ಸಿನಲ್ಲಿ ನಿಂತೇ ಬಂದಿದ್ದಳು.

"ಫೋಟೋಕ್ಕ ಈ ಹುಡುಗಿ ಬೇಕು, ನಡಸಾಕ ಬ್ಯಾಡೇನು?" ಯಶೋಧಾ ಆಮಂತ್ರಣ ಪತ್ರಿಕೆಯನ್ನು ಅವನ ಮುಖಕ್ಕೆ ಹಿಡಿದಳು. "ಮಂತ್ರಿ ಕಾಲು ಗಟ್ಟಿನೇ ಅದಾವಲ್ರಿ!"

ಸುನೀಲಕುಮಾರ ಚಹಾದ ಲೋಟ ಕೆಳಗಿಟ್ಟ. ಆಮೇಲೆ ಎದ್ದು, ನಟ್ಟು ಬಿಗಿಯುವ ಕಬ್ಬಿಣದ ಪಾನಾ ತಂದು, ಎರಡೇ ಏಟಿಗೆ ಬೀಗ ಒಡೆದ.

"ಮಷಿನ್ ಒಪ್ಪಿಸಿದ ಕಾಗದಕ್ಕ ನಾ ಇನ್ನೂ ಸಹಿ ಹಾಕಿಲ್ರಿ. ಅಲ್ಲೀತನಕ ಇದು ನಮ್ಮ ಕಂಪನಿದು."

ಯಶೋಧಾ ಮುಬೀನಾಳ ಕಾಲಿಗೆ ಯಂತ್ರದ ಬೆಲ್ಟ್ ಬಿಗಿದಳು. ಹುಡುಗಿ ನಡೆದಳು. "ಅಮ್ಮೀ, ನೋಡ, ನಾ ನಡ್ಯಾಕತ್ತೇನಿ!"

ಸದ್ದಿಗೆ ಬಸಂತರಾಯರು ಧಾವಿಸಿ ಬಂದರು. "ಯಾರನ್ನ ಕೇಳಿ ತಗದ್ರಿ?"

"ಆಕಿಗೆ ಕೆಳಗ ಇಳಿ ಅಂತ ನೀವ ಹೇಳ್ರಿ ಸಾಹೇಬ್ರ, ಆಕಿ ಅವ್ವನ ಮುಂದ," ಎಂದಳು ಯಶೋಧಾ.

ಅವರು ಸೈದಾಬಿಯ ಮುಖ ನೋಡಿದರು. ಬಂದ ದಾರಿಯಲ್ಲೇ ಹೊರಟುಹೋದರು.

"ಮೂರು ವಾರ ಸಹಿ ಯಾಕ ಹಾಕಿಲ್ರಿ?" ಯಶೋಧಾಳ ದನಿ ಮೆತ್ತಗಾಗಿತ್ತು.

"ಹಾಕಿದ್ರ ಮರುದಿನಾನ ಪುಣೆಕ್ಕ ಹೋಗಬೇಕಿತ್ರಿ. ನಿಮ್ಮನ್ನ ಬಿಟ್ಟು ಹೋಗಾಕ ಮನಸಾಗ್ಲಿಲ್ಲ."

ಅವಳ ತುಟಿಯಲ್ಲಿ ನಗು ಮೂಡಿತು. ಮರುಕ್ಷಣ ಮೂಗು ಕೆಂಪಾಯಿತು.

"ಅಂದ್ರ ಮೂರು ವಾರದ ಹಿಂದನ ಬೀಗ ಒಡೀಬಹುದಿತ್ತು!"

"ಸೆಕ್ರೆಟರಿಗೆ ಅಂಜಿದ್ದೆ ರೀ."

"ನಿಮ್ಮ ಅಂಜಿಕಿಗೆ ಈ ಕೂಸು ಆರು ಸರ್ತಿ ಬಂದು ಹಂಗ ಹೊಳ್ಳಿ ಹೋತಲ್ರಿ! ಮೊದಲ ಆಕಿ ಕಡೆ ಕ್ಷಮಾ ಕೇಳ್ರಿ. ಆಮ್ಯಾಲೆ ನನ್ನ ಕೇಳ್ರಿ."

ಅವನು ಮುಬೀನಾಳ ಮುಂದೆ ಮಂಡಿಯೂರಿದ. "ತಪ್ಪಾತವ್ವ."

"ಬೆಲ್ಟ್ ಬಿಚ್ಚಬ್ಯಾಡ್ರಿ ಮತ್ತ," ಎಂದಳು ಹುಡುಗಿ.

ಸುನೀಲಕುಮಾರ ಯಶೋಧಾಳತ್ತ ತಿರುಗಿದ. "ನಿಮ್ಮನ್ನ ಏನ್ ಕೇಳ್ಲಿ?"

"ಅದನ್ನೂ ನಾನ ಹೇಳಿಕೊಡಬೇಕೇನು?"

ಮದುವೆಯಾಗುತ್ತೀರಾ ಎಂದು ಅವನು ಕೇಳಿದ. ಅವಳು ಸಿಟ್ಟಿನಲ್ಲೇ ಹೂಂ ಅಂದಳು.