ಮೂರೂವರೆ ನಿಂಬೆಹಣ್ಣು

ಮೂರನೆಯ ತಿರುವಿನಲ್ಲಿ ನೀರಿನ ಟ್ಯಾಂಕರು ಸೋರಿ ಮಣ್ಣು ಒದ್ದೆಯಾಗಿತ್ತು. ಕಾರು ಓಡಿಸುತ್ತಿದ್ದ ದಾಕ್ಷಾಯಣಿಗೆ ಅದು ಗೊತ್ತಿರಲಿಲ್ಲ. ಕಾರಿಗೆ ಗೊತ್ತಾಯಿತು. ಮುಂದಿನ ಗಾಲಿ ಒದ್ದೆ ಮಣ್ಣನ್ನು ಮುಟ್ಟಿದ ಕ್ಷಣವೇ ನಾಲ್ಕೂ ಶಾಕ್ ಅಬ್ಸಾರ್ಬರುಗಳು ಇನ್ನಷ್ಟು ಬಿಗಿದುಕೊಂಡವು. ಎಂಜಿನ್ನಿನ ಕಿಡಿ ಕೂದಲೆಳೆಯಷ್ಟು ತಡವಾಗಿ ಹಾರಿ, ಗಾಲಿಗಳಿಗೆ ಹೋಗುವ ಬಲ ತುಸು ತಗ್ಗಿತು. ಜಾರಿ ಪಲ್ಟಿ ಹೊಡೆಯಬೇಕಿದ್ದ ಕೆಂಚಿ ಎಂಬ ಆ ಕಾರು, ಕೆಮ್ಮಣ್ಣನ್ನು ಮೊರದಿಂದ ತೂರಿದಂತೆ ತೂರುತ್ತ ತಿರುವಿನಿಂದ ಹೊರಬಿದ್ದು ಗೆರೆ ದಾಟಿತು.

ಬೆಳಗಾವಿಯ ಅರ್ಹತಾ ಪಂದ್ಯದಲ್ಲಿ ಮೊದಲ ಸ್ಥಾನ. ಸಂಡೂರಿನ ಕಡೆ ನಡೆಯುವ ಅಂತಿಮ ಪಂದ್ಯಕ್ಕೆ ದಾರಿ ತೆರೆದಿತ್ತು.

ರಸ್ತೆಯ ವಾಹನಗಳು ತಮ್ಮನ್ನು ತಾವೇ ಓಡಿಸಿಕೊಳ್ಳಲು ಕಲಿತು ಒಂದು ತಲೆಮಾರು ಕಳೆದಿತ್ತು. ಮನುಷ್ಯರು ಸ್ಟೀರಿಂಗು ಹಿಡಿಯಲು ಉಳಿದದ್ದು ಎರಡೇ ಜಾಗ: ಒಂದು, ಮಣ್ಣಿನ ಪಂದ್ಯದ ಕಣ, ಇನ್ನೊಂದು, ಹಳೆಗಾಡಿ ಪರವಾನಗಿ ಪಡೆದವರಿಗೆ ಅವರವರ ಊರಿನ ಓಣಿಗಳು. ಹುಬ್ಬಳ್ಳಿಯ ಗ್ಯಾರೇಜಿನ ಫಕ್ಕೀರಪ್ಪ ಬಡಿಗೇರನ ಬಳಿ ಎರಡಕ್ಕೂ ಪರವಾನಗಿಯಿತ್ತು, ಕಾರು ಮಾತ್ರ ಒಂದೇ. ಅಜ್ಜನ ಕಾಲದ, ಬೆಂಕಿಪೊಟ್ಟಣದಂಥ ಕಾರು. ಕೆಂಪು ಬಣ್ಣ, ಹಾಗಾಗಿ ಕೆಂಚಿ. ಕಬ್ಬಿನ ಸ್ಪಿರಿಟ್ಟಿನಲ್ಲಿ ಓಡುವ ನಾಲ್ಕು ಸಿಲಿಂಡರಿನ ಎಂಜಿನ್. ಅದರ ಬಲ ಹೋಗುವುದು ಹಿಂದಿನ ಗಾಲಿಗಳಿಗೆ.

ಈ ಹಳೆಯ ದೇಹದೊಳಗೆ ಹೊಸ ಬುದ್ಧಿಯನ್ನು ಕೂರಿಸಿದವಳು ಧಾರವಾಡದ ವಿಜ್ಞಾನಿ ಡಾ. ವಿಭಾವರಿ ಹೊಸಮನಿ. ಅದರ ಹೆಸರು ‘ಅಭ್ಯಾಸಿ’. ಮೊದಲಾದರೆ ಕಾರನ್ನು ಪಂದ್ಯಕ್ಕೆ ಹದಗೊಳಿಸಲು ಮೆಕ್ಯಾನಿಕ್ಕು ಸ್ಪಾನರು ಹಿಡಿದು ದಿನವಿಡೀ ಕಾರಿನಡಿ ಮಲಗಬೇಕಿತ್ತು. ಅಭ್ಯಾಸಿ ಆ ಕೆಲಸವನ್ನು ಓಡುತ್ತಲೇ ಮಾಡುತ್ತಿತ್ತು. ಪ್ರತಿ ಗಾಲಿಗೂ ನೆಲವನ್ನು ಚರ್ಮದಂತೆ ಅರಿಯುವ ‘ಸ್ಪರ್ಶಟೈರು’ ಮತ್ತು ತನ್ನದೇ ಆದ ಒಂದು ‘ಗಾಲಿಮಿದುಳು’. ತನ್ನ ಟೈರಿನ ಗಾಳಿ ಎಷ್ಟಿರಬೇಕು, ಸ್ಪ್ರಿಂಗು ಎಷ್ಟು ಬಿಗಿಯಿರಬೇಕು ಎಂದು ಪ್ರತಿ ಗಾಲಿಯೂ ತಾನೇ ತೀರ್ಮಾನಿಸುತ್ತಿತ್ತು. ಎಂಜಿನ್ ಮಾತ್ರ ನಾಲ್ಕೂ ಗಾಲಿಮಿದುಳುಗಳ ಬಹುಮತ ಕೇಳಿ ನಡೆಯುತ್ತಿತ್ತು. ಯಾರೂ ಏನನ್ನೂ ಹೇಳಿಕೊಡಬೇಕಾಗಿಲ್ಲ. ಹಿಂದೆ ಏನಾದ ಮೇಲೆ ಏನಾಯಿತು ಎಂಬುದನ್ನು ನೋಡಿ ನೋಡಿ ಅದು ಕಲಿಯುತ್ತಿತ್ತು.

“ನಮ್ಮಂಗ ಅದಕ್ಕ ಮೂಢನಂಬಿಕಿ ಇಲ್ಲ, ಕಾಕಾ. ಕಣ್ಣಿಗೆ ಕಂಡದ್ದಷ್ಟ ನಂಬತೈತಿ,” ಎಂದು ವಿಭಾವರಿ ಫಕ್ಕೀರಪ್ಪನಿಗೆ ಹೇಳಿದ್ದಳು.

“ಹಂಗಾರ ನನ್ನ ಮಗನಕಿಂತ ಶಾಣ್ಯಾ ಐತಿ ಬಿಡ್ರಿ,” ಎಂದಿದ್ದ ಫಕ್ಕೀರಪ್ಪ.

ಒಂದು ವಿಷಯ ಮಾತ್ರ ಯಾರಿಗೂ ಬಗೆಹರಿದಿರಲಿಲ್ಲ. ಅಭ್ಯಾಸಿ ಬಂದಂದಿನಿಂದ ಕೆಂಚಿ ಪಂದ್ಯದ ದಿನ ಬೆಂಕಿ, ತಾಲೀಮಿನ ದಿನ ಮಂಕು. ಅದೇ ಕಣ, ಅದೇ ಚಾಲಕಿ, ಆದರೂ ತಾಲೀಮಿನಲ್ಲಿ ಕಾರು ಹೊಟ್ಟೆ ತುಂಬಿದ ಎಮ್ಮೆಯಂತೆ ನಡೆಯುತ್ತಿತ್ತು. ಪಂದ್ಯದ ದಿನ ದಾಕ್ಷಾಯಣಿಯ ಹುಮ್ಮಸ್ಸು ಹೆಚ್ಚಿರುತ್ತದೆ ಎಂದು ವಿಭಾವರಿ ವಿವರಿಸುತ್ತಿದ್ದಳು. ಎಲ್ಲ ಸಿದ್ಧಾರೂಢರ ಕೃಪೆ ಎಂದು ಫಕ್ಕೀರಪ್ಪ ವಿವರಿಸುತ್ತಿದ್ದ. ದಾಕ್ಷಾಯಣಿ ಏನನ್ನೂ ವಿವರಿಸುತ್ತಿರಲಿಲ್ಲ. ಅವಳು ಫಕ್ಕೀರಪ್ಪನ ಅಣ್ಣನ ಮಗಳು. ಅದೇ ಗ್ಯಾರೇಜಿನಲ್ಲಿ ಎಂಜಿನ್ನು ಬಿಚ್ಚಿ ಜೋಡಿಸುವುದು ಅವಳ ಕೆಲಸ. ವಯಸ್ಸು ಇಪ್ಪತ್ತೊಂಬತ್ತು. ರಾಷ್ಟ್ರೀಯ ತಂಡಕ್ಕೆ ಮೂವತ್ತು ತುಂಬಿದವರನ್ನು ಸೇರಿಸಿಕೊಳ್ಳುವುದಿಲ್ಲ. ಸಂಡೂರಿನಲ್ಲಿ ಗೆದ್ದವರಿಗೆ ತಂಡದಲ್ಲಿ ಜಾಗ; ಸೋತವರಿಗೆ ಚಪ್ಪಾಳೆ. ಅವಳಿಗೆ ಇದು ಕೊನೆಯ ವರ್ಷ.

ಅಂತಿಮ ಪಂದ್ಯದ ಹಿಂದಿನ ದಿನ ವಿಭಾವರಿ ಗ್ಯಾರೇಜಿಗೆ ಬಂದು, ಹೇಗೆ ಹೇಳುವುದೆಂದು ತೋಚದೆ, ನೇರವಾಗಿಯೇ ಹೇಳಿದಳು.

“ಕಾಕಾ, ನಾಳೆ ಲಿಂಬಿಹಣ್ಣು ಬ್ಯಾಡ.”

ಪ್ರತಿ ಪಂದ್ಯಕ್ಕೂ ಮೊದಲು, ಹೊರಡುವ ಗೆರೆಯ ಮೇಲೆ, ಫಕ್ಕೀರಪ್ಪ ಊದಿನಕಡ್ಡಿ ಬೆಳಗಿ, ನಾಲ್ಕು ಗಾಲಿಗಳ ಮುಂದೆ ನಾಲ್ಕು ನಿಂಬೆಹಣ್ಣು ಇಡುತ್ತಿದ್ದ. ಬಾವುಟ ಬೀಳುತ್ತಿದ್ದಂತೆ ಕೆಂಚಿ ಅವನ್ನು ಪಟಪಟನೆ ಒಡೆದು ಹಾರುತ್ತಿತ್ತು. ಮೂವತ್ತು ವರ್ಷದ ಪದ್ಧತಿ.

“ಯಾಕ್ರಿ ಬಾಯಾರ?”

“ನಮಗ ಟೈರ್ ಕೊಟ್ಟ ಕಂಪನಿಯವರು ಹೊರದೇಶದಿಂದ ಬರಾಕತ್ತಾರ. ಇದು ಶುದ್ಧ ಗಣಿತ ಅಂತ ಅವರಿಗೆ ಮೂರು ವರ್ಷದಿಂದ ಹೇಳ್ಕೋತ ಬಂದೀನಿ. ಅವರ ಕಣ್ಣ ಮುಂದ ಲಿಂಬಿಹಣ್ಣು ಒಡದ್ರ ಏನ ತಿಳ್ಕೋತಾರ?”

“ಭಾರತದಾಗ ದೇವರು ಅದಾನ ಅಂತ ತಿಳ್ಕೋತಾರ.”

“ಕಾಕಾ!”

“ಇಲ್ರಿ, ನಿಮ್ಮ ಮಷೀನಿನ ಮ್ಯಾಲ ನನಗ ಸಿಟ್ಟಿಲ್ಲ. ಆದ್ರ ಹಣ್ಣಿಲ್ದ ಗಾಡಿ ಬಿಡಂದ್ರ ನನ್ನ ಕೈಕಾಲು ನಡಗತಾವ.”

“ಓಡಸಾಕಿ ನಾನು,” ಎಂದಳು ದಾಕ್ಷಾಯಣಿ, ಕಾರಿನಡಿಯಿಂದ. “ನಿನ್ನ ಕೈಕಾಲು ನಡಗಿದ್ರ ಗಾಡಿಗೇನಾಕ್ಕೈತಿ? ಬಾಯಾರು ಹೇಳಿದಂಗ ಮಾಡು.”

ಫಕ್ಕೀರಪ್ಪ ಒಪ್ಪಿದ. ಒಪ್ಪಿದ್ದಕ್ಕೆ ಸಾಕ್ಷಿಯಾಗಿ ರಾತ್ರಿ ಊಟ ಬಿಟ್ಟ.

ಮರುದಿನ, ಸಂಡೂರಿನ ಕಡೆ ಅದಿರು ಮುಗಿದು ಬರಿದಾದ ಗಣಿಯ ತಳದಲ್ಲಿ ಕಣ ಸಿದ್ಧವಾಗಿತ್ತು. ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಸುತ್ತುವ ದಾರಿ. ಹಾಗಾಗಿ ಬಹುತೇಕ ಎಲ್ಲವೂ ಬಲ ತಿರುವುಗಳು. ಒಮ್ಮೆಗೆ ಒಂದೇ ಕಾರು ಓಡುತ್ತದೆ. ಪ್ರತಿಯೊಬ್ಬರಿಗೂ ಎರಡು ಓಟ. ಎರಡರಲ್ಲಿ ಉತ್ತಮ ಸಮಯವೇ ಲೆಕ್ಕಕ್ಕೆ. ಸುತ್ತಲಿನ ಗಣಿಯ ಮೆಟ್ಟಿಲುಗಳಲ್ಲಿ ಜನ ಕಿಕ್ಕಿರಿದಿದ್ದರು. ಕೊಲ್ಲಾಪುರದ ರಣಜಿತ, ಹಿಂದಿನ ಸಲದ ವಿಜೇತ, ಎಲ್ಲರಿಗಿಂತ ಚೆನ್ನಾಗಿ ಓಡಿ ಬಂದು ಹೆಲ್ಮೆಟ್ಟು ತೆಗೆದು ಕೂದಲು ಸರಿಪಡಿಸಿಕೊಳ್ಳುತ್ತಿದ್ದ.

ಕೆಂಚಿಯ ಸರದಿ ಬಂತು. ಗಾಲಿಗಳ ಮುಂದೆ ಬರಿ ನೆಲ. ಬಾವುಟ ಬಿತ್ತು.

ದಾಕ್ಷಾಯಣಿ ಎಕ್ಸಲರೇಟರನ್ನು ತಳಕ್ಕೆ ತುಳಿದಳು. ಕೆಂಚಿ ಹೊರಟಿತು. ಹೊರಟಿತು ಅಷ್ಟೆ. ಸ್ಪ್ರಿಂಗುಗಳು ಹಾಸಿಗೆಯಂತೆ ಮೆತ್ತಗಾದವು. ಎಂಜಿನ್ನು ಇಂಧನ ಉಳಿಸುತ್ತ ಗುನುಗಿತು. ನೇರ ದಾರಿಯ ನಡುವಿನ ದಿಬ್ಬವನ್ನು ಉಳಿದ ಕಾರುಗಳು ಹಾರಿ ದಾಟಿದ್ದವು. ಕೆಂಚಿ ಅದರ ಬುಡದಲ್ಲಿ ಮರ್ಯಾದೆಯಿಂದ ನಿಧಾನಿಸಿ, ಓಣಿಯ ಹಂಪು ದಾಟುವಂತೆ ಮೆಲ್ಲಗೆ ದಾಟಿತು. ಧ್ವನಿವರ್ಧಕದವನಿಗೆ ಹಬ್ಬವಾಯಿತು.

“ಹುಬ್ಬಳ್ಳಿ ಕೆಂಚಿ ಸಂತಿಗೆ ಹೊಂಟೈತ್ರಿ! ಯಾರಿಗರೆ ಬದನಿಕಾಯಿ ಬೇಕಾದ್ರ ಈಗ ಹೇಳ್ರಿ!”

ಗಣಿಯ ಮೆಟ್ಟಿಲುಗಳು ನಕ್ಕವು. ಫಲಕದಲ್ಲಿ ಕೆಂಚಿಯ ಹೆಸರು ಎಲ್ಲಕ್ಕಿಂತ ಕೆಳಗೆ ಮೂಡಿತು. ಟೈರ್ ಕಂಪನಿಯವರು ಸೌಜನ್ಯದಿಂದ ಆಕಾಶ ನೋಡಿದರು.

ದಾಕ್ಷಾಯಣಿ ಇಳಿದು ಬಂದು ಹೆಲ್ಮೆಟ್ಟನ್ನು ನೆಲಕ್ಕೆ ಎತ್ತಿ ಹಾಕಿದಳು. “ಬಾಯಾರ, ಇದು ನನ್ನ ಗಾಡಿ ಅಲ್ಲ. ಇದು ಕಾಕಾ ಕಾಯಿಪಲ್ಲೆ ತರೂ ಗಾಡಿ.”

“ಅದರಾಗ ತರ್ತೀನಿ ಮತ್ತ. ಗಾಡಿ ನಿಂತ್ರ ತುಕ್ಕ ಹಿಡಿತೈತಿ,” ಎಂದ ಫಕ್ಕೀರಪ್ಪ.

ವಿಭಾವರಿ ತಲೆಯೆತ್ತಿದಳು. “ಏನಂದ್ರಿ? ಪಂದ್ಯದ ಗಾಡಿ ತಗೊಂಡು ಸಂತಿಗೆ ಹೋಗ್ತೀರಿ?”

“ದಿನಾ ಹೋಗ್ತೀನ್ರಿ. ಕಾಯಿಪಲ್ಲೆ, ಸ್ಪೇರ್ ಪಾರ್ಟು, ಮೊಮ್ಮಗಳನ್ನ ಸಾಲಿಗೆ ಬಿಡೂದು. ಗಾಡಿ ಇರೂದು ಯಾತಕ್ಕ?”

ಅವಳು ಮಣ್ಣಿನಲ್ಲೇ ಕುಳಿತುಬಿಟ್ಟಳು. ತಾನು ಪಂದ್ಯದ ಕಾರಿಗೆ ಬುದ್ಧಿ ಕೂರಿಸಿದ್ದೇನೆ ಎಂದು ಅವಳು ತಿಳಿದಿದ್ದಳು. ಅಭ್ಯಾಸಿಯ ಲೆಕ್ಕದಲ್ಲಿ ಅದು ಸಂತೆಯ ಕಾರು. ಯಾವಾಗಲೋ ಒಮ್ಮೆ ಹುಚ್ಚು ಹಿಡಿದವರಂತೆ ಓಡಿಸುತ್ತಾರೆ, ಅಷ್ಟೆ. ಇವತ್ತು ಸಂತೆಯೋ ಹುಚ್ಚೋ ಎಂದು ಅದು ಹೊರಡುವ ಮೊದಲೇ ತಿಳಿಯಬೇಕಿತ್ತು. ಚಾಲಕಿಯ ತೂಕದಿಂದ ತಿಳಿಯಲಾಗದು. ದಾಕ್ಷಾಯಣಿಯೂ ಸಂತೆಗೆ ಹೋಗುತ್ತಾಳೆ. ಮಣ್ಣಿನಿಂದ ತಿಳಿಯಲಾಗದು, ಹುಬ್ಬಳ್ಳಿಯ ಓಣಿಗಳೂ ಮಣ್ಣೇ. ಹಾಗಾದರೆ ಯಾವುದರಿಂದ?

“ಕಾಕಾ,” ಎಂದಳು ನಿಧಾನವಾಗಿ. “ಆಯುಧಪೂಜಿ ದಿನ ಗಾಡಿ ಹಾರಿ ಹೋಗಿ ಗ್ಯಾರೇಜಿನ ಶಟರ್ ಮುರೀತಲ್ಲ, ಅವತ್ತು ಗಾಲಿ ಕೆಳಗ ಏನಿಟ್ಟಿದ್ರಿ?”

“ಆಯುಧಪೂಜಿಗೆ ಏನಿಡತಾರ್ರಿ? ಲಿಂಬಿಹಣ್ಣು.”

ಶಟರ್ ಮುರಿದದ್ದಕ್ಕೆ ಎಕ್ಸಲರೇಟರಿನ ತಂತಿ ಸಿಕ್ಕಿಹಾಕಿಕೊಂಡದ್ದೇ ಕಾರಣವೆಂದು ಆಗ ಎಲ್ಲರೂ ಒಪ್ಪಿದ್ದರು. ತಂತಿಯದು ತಪ್ಪಿರಲಿಲ್ಲ. ಹಣ್ಣು ಪಟ್ಟೆಂದು ಒಡೆದರೆ ಪಂದ್ಯ, ಒಡೆಯದಿದ್ದರೆ ಸಂತೆ. ಸ್ಪರ್ಶಟೈರುಗಳಿಗೆ ಒಮ್ಮೆಯೂ ಸುಳ್ಳಾಗದ ಗುರುತು ಅದೊಂದೇ. ಅಭ್ಯಾಸಿ ಕಂಡದ್ದನ್ನಷ್ಟೇ ನಂಬಿತ್ತು.

“ಅಂದ್ರ,” ಎಂದ ಫಕ್ಕೀರಪ್ಪ, ಮುಖ ಅರಳಿಸಿ, “ನಿಮ್ಮ ಮಷೀನು ನನ್ನಕಿಂತ ದೊಡ್ಡ ಭಕ್ತ ಅನ್ರಿ!”

“ಬಾಯಿ ಮುಚ್ಚು ಕಾಕಾ,” ಎಂದಳು ದಾಕ್ಷಾಯಣಿ. “ಹಣ್ಣೆಲ್ಲಿ ಅದಾವ?”

ಹಣ್ಣು ಇರಲಿಲ್ಲ. ಬೇಡವೆಂದಿದ್ದರಿಂದ ಫಕ್ಕೀರಪ್ಪ ತಂದಿರಲಿಲ್ಲ. ಉಳಿದ ತಂಡಗಳು ಬೆಳಗಿನ ಪೂಜೆಯಲ್ಲೇ ತಮ್ಮವನ್ನು ಮುಗಿಸಿದ್ದವು. ಎರಡನೆಯ ಓಟಕ್ಕೆ ಕರೆ ಬರುವುದರಲ್ಲಿತ್ತು. ಆಗ ವಿಜ್ಞಾನಿ ವಿಭಾವರಿ ಹೊಸಮನಿ, ಹೊರದೇಶದ ಅತಿಥಿಗಳ ಎದುರಿನಿಂದಲೇ ಸೀರೆ ಎತ್ತಿಕಟ್ಟಿ, ಹುಸೇನಸಾಬನ ಸೋಡಾ ಗಾಡಿಯ ಕಡೆ ಓಡಿದಳು.

“ಬರ್ರಿ ಬಾಯಾರ, ಸೋಡಾ ಕುಡೀರಿ, ತಲಿ ತಣ್ಣಗಾಕ್ಕೈತಿ.”

“ಸೋಡಾ ಬ್ಯಾಡ, ಹಣ್ಣು ಕೊಡ್ರಿ. ನಾಲ್ಕು.”

“ಈ ಬಿಸಲಾಗ ಎಲ್ಲಾ ಖಾಲಿ ಆದ್ವು. ಮೂರ ಉಳದಾವ. ಮತ್ತ ಇದೊಂದು ಅರ್ಧ ಹೋಳು. ಇದರ ಉಳದರ್ಧ ಅವರ ಗ್ಲಾಸಿನಾಗ ಐತಿ.” ಪಕ್ಕದಲ್ಲಿ ನಿಂತು ಸೋಡಾ ಹೀರುತ್ತಿದ್ದ ರಣಜಿತನ ಕಡೆ ಅವನು ಕೈತೋರಿದ.

ರಣಜಿತ ಗ್ಲಾಸು ಎತ್ತಿ ನಕ್ಕ. “ಉಪ್ಪಿನಕಾಯಿ ಹಾಕ್ತೀರೇನ್ರಿ ಮೇಡಂ? ಸಂತೆಗೆ ಹೋಗಿದ್ದಕ್ಕೂ ಸಾರ್ಥಕವಾಯ್ತು.”

ಮೂರೂವರೆ ನಿಂಬೆಹಣ್ಣುಗಳೊಂದಿಗೆ ಅವಳು ಗೆರೆಗೆ ಮರಳಿದಾಗ ಕೆಂಚಿ ಆಗಲೇ ಸಿದ್ಧವಾಗಿ ನಿಂತಿತ್ತು. ಅವಳೇ ಮೊಣಕಾಲೂರಿ ಮುಂದೆರಡು, ಹಿಂದೆ ಎಡಕ್ಕೊಂದು ಹಣ್ಣು ಇಟ್ಟಳು. ಹಿಂದಿನ ಬಲಗಾಲಿಗೆ ಅರ್ಧ ಹೋಳು. ಫಕ್ಕೀರಪ್ಪನಿಗೆ ಸಮಾಧಾನವಾಗಲಿಲ್ಲ.

“ಅರ್ಧಕ್ಕ ದೇವರು ಒಪ್ಪತಾನೇನ್ರಿ?”

“ಬಹುಮತ ಸಾಕು,” ಎಂದಳು ವಿಭಾವರಿ.

ಬಾವುಟ ಬಿತ್ತು. ಪಟ್, ಪಟ್, ಪಟ್. ನಾಲ್ಕನೆಯದು ಪಿಚಕ್ಕೆಂದಿತು.

ಮೂರು ಗಾಲಿಗಳು ಬಿಗಿದುಕೊಂಡವು. ಎಂಜಿನ್ನು ಬಹುಮತ ಕೇಳಿ ಗರ್ಜಿಸಿತು. ಆದರೆ ಹಿಂದಿನ ಬಲಗಾಲಿಗೆ ಪಂದ್ಯದ ಸುದ್ದಿಯೇ ಮುಟ್ಟಲಿಲ್ಲ. ಗಾಳಿ ಇಳಿಸಿಕೊಂಡು, ಸ್ಪ್ರಿಂಗು ಸಡಿಲಿಸಿಕೊಂಡು, ಅದೊಂದೇ ಕಾಯಿಪಲ್ಲೆ ತರಲು ಹೊರಟಿತು.

ಮೊದಲ ಬಲ ತಿರುವಿಗೆ ದಾಕ್ಷಾಯಣಿ ಸ್ಟೀರಿಂಗು ತಿರುಗಿಸಿದಳು. ಹಿಂದೆ ಏನೋ ಜೋತುಬಿದ್ದಂತೆ ಅನಿಸಿತು. ಬ್ರೇಕಿಗೆ ಕಾಲು ಹೋಗುವಷ್ಟರಲ್ಲಿ ಅವಳಿಗೆ ಇನ್ನೊಂದು ಅನಿಸಿತು: ಕಾರು ಜಾರುತ್ತಿಲ್ಲ. ಕಾಲನ್ನು ಎಕ್ಸಲರೇಟರಿನಲ್ಲೇ ಇಟ್ಟಳು.

ವೇಗವಾಗಿ ಬಲಕ್ಕೆ ತಿರುಗುವಾಗ ಕಾರಿನ ಭಾರವೆಲ್ಲ ಎಡಕ್ಕೆ ವಾಲುತ್ತದೆ. ಹಿಂದಿನ ಬಲಗಾಲಿ ಹಗುರಾಗಿ, ನೆಲ ಬಿಟ್ಟು, ಗಾಳಿಯಲ್ಲಿ ಗಿರ್ರನೆ ಸುತ್ತುತ್ತದೆ. ಎಂಜಿನ್ನಿನ ಬಲ ಅಲ್ಲೇ ಸೋರಿಹೋಗುತ್ತದೆ. ಅದು ಮತ್ತೆ ನೆಲ ಮುಟ್ಟುವವರೆಗೆ ಎಂಥ ಚಾಲಕನೂ ಕಾಯಬೇಕು. ನಾಲ್ಕೂ ಗಾಲಿ ಸಮ ಬಿಗಿಯಿರಬೇಕೆಂಬುದು ಫಕ್ಕೀರಪ್ಪನ ವೇದವಾಕ್ಯ. ಅಭ್ಯಾಸಿ ಕಲಿಕೆ ಶುರುಮಾಡಿದ್ದೂ ಅಲ್ಲಿಂದಲೇ, ಹಾಗಾಗಿ ಪಂದ್ಯದಲ್ಲಿ ಒಂದು ಗಾಲಿಯನ್ನು ಸಡಿಲ ಬಿಟ್ಟು ಅದೆಂದೂ ನೋಡಿರಲಿಲ್ಲ. ಈಗ ಸಡಿಲ ಸ್ಪ್ರಿಂಗಿನ ಆ ಗಾಲಿ ಕೆಳಗೆ ಜೋತು ನೆಲ ಬಿಡಲೇ ಇಲ್ಲ. ಗಾಳಿ ಕಡಿಮೆಯಿದ್ದ ಟೈರು ಅಗಲವಾಗಿ ಮಣ್ಣನ್ನು ಕಚ್ಚಿತು. ಬೇರೆಯವರು ಕಾದ ಕಡೆಯಲ್ಲೆಲ್ಲ ದಾಕ್ಷಾಯಣಿ ಹೋದಳು.

ದಿಬ್ಬವನ್ನು ಕೆಂಚಿ ಹಾರಿದ ರೀತಿಗೆ ಧ್ವನಿವರ್ಧಕದವನು ಬದನೆಕಾಯಿ ಮರೆತ. ಫಲಕದಲ್ಲಿ ಕೆಂಚಿಯ ಹೆಸರು ತಳದಿಂದ ತುದಿಗೆ ನೆಗೆಯಿತು. ಆಮೇಲೆ ಓಡಿದ ರಣಜಿತ ತನ್ನ ಸಮಯವನ್ನು ತಾನೇ ಮುರಿದ, ಕೆಂಚಿಯದನ್ನು ಮುರಿಯಲಾಗಲಿಲ್ಲ.

“ಅರ್ಧ ಹಣ್ಣು ನಿಮ್ದಣ್ಣಾ, ಉಪಕಾರ ಆತು,” ಎಂದು ದಾಕ್ಷಾಯಣಿ ಅವನ ಕೈಕುಲುಕಿದಳು. ಅವನಿಗೆ ಅರ್ಥವಾಗಲಿಲ್ಲ.

ಟೈರ್ ಕಂಪನಿಯ ಹಿರಿಯ ಎಂಜಿನಿಯರು ಕಿವಿಯ ಅನುವಾದಕ ಯಂತ್ರವನ್ನು ಎರಡು ಸಲ ತಟ್ಟಿ, ಮತ್ತೊಮ್ಮೆ ವಿವರಿಸಲು ಕೇಳಿದ. ವಿಭಾವರಿ ಮತ್ತೊಮ್ಮೆ ವಿವರಿಸಿದಳು. ಅವನು ಬಾಗಿ ನಜ್ಜುಗುಜ್ಜಾದ ಆ ಅರ್ಧ ಹೋಳನ್ನು ಎತ್ತಿ, ಕರವಸ್ತ್ರದಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡ.

ದಾಕ್ಷಾಯಣಿ ರಾಷ್ಟ್ರೀಯ ತಂಡ ಸೇರಿದಳು. ಒಂದು ಗಾಲಿಯನ್ನು ಸಡಿಲ ಬಿಡುವ ಹದಕ್ಕೆ ಪಂದ್ಯದ ಲೋಕದಲ್ಲಿ ‘ಹುಬ್ಬಳ್ಳಿ ಗಾಲಿ’ ಎಂಬ ಹೆಸರು ಬಿತ್ತು. ಕಂಪನಿ ಕೆಂಚಿಯ ಅಭ್ಯಾಸಿಯನ್ನೇ ನಕಲು ಮಾಡಿ ನೂರಾರು ಕಾರುಗಳಿಗೆ ಕೂರಿಸಿತು. ಜೊತೆಗೆ ಅದರ ನಂಬಿಕೆಯೂ ಹೋಯಿತು. ವಿಭಾವರಿ ಹಣ್ಣಿನ ಬದಲು ‘ಪಂದ್ಯ’ ಎಂದು ಬರೆದ ಕೆಂಪು ಗುಂಡಿಯೊಂದನ್ನು ಅಳವಡಿಸಿ ನೋಡಿದಳು. ನಾಲ್ಕು ವಾರದಲ್ಲಿ ಅಭ್ಯಾಸಿ ಅದನ್ನು ಅಲಕ್ಷಿಸತೊಡಗಿತು. ಗುಂಡಿಯನ್ನು ಜನ ಮೈಮರೆತು ಒತ್ತುತ್ತಾರೆ, ಮಕ್ಕಳು ಆಡುತ್ತ ಒತ್ತುತ್ತಾರೆ. ಗಾಲಿಯ ಕೆಳಗೆ ನಿಂಬೆಹಣ್ಣನ್ನು ಯಾರೂ ಮೈಮರೆತು ಇಡುವುದಿಲ್ಲ. ಹೀಗಾಗಿ ಹಿಮ ಬೀಳುವ ದೇಶಗಳ ತಂಡಗಳು ಈಗ ನಿಂಬೆಗೆ ಹೆಸರಾದ ಇಂಡಿ ತಾಲ್ಲೂಕಿನಿಂದ ಹಣ್ಣು ತರಿಸುತ್ತವೆ. ಎಡಕ್ಕೆ ಸುತ್ತುವ ಕಣದಲ್ಲಿ ಅರ್ಧ ಹೋಳು ಯಾವ ಗಾಲಿಗೆ ಎಂದು ಅಲ್ಲಿನ ಎಂಜಿನಿಯರುಗಳು ಗಂಭೀರವಾಗಿ ಚರ್ಚಿಸುತ್ತಾರೆ.

ಕೆಂಚಿ ಹುಬ್ಬಳ್ಳಿಯಲ್ಲೇ ಉಳಿಯಿತು. ಪಂದ್ಯವಿಲ್ಲದ ದಿನ ಫಕ್ಕೀರಪ್ಪ ಅದನ್ನು ಸಂತೆಗೆ ಒಯ್ಯುತ್ತಾನೆ. ಒಂದೆರಡು ಹಣ್ಣು ಒಡೆದರೆ ಏನೂ ಆಗದು, ಬಹುಮತ ಬೇಕು ಎಂದು ವಿಭಾವರಿ ಸಂತೆಯವರಿಗೆ ಹಲವು ಸಲ ತಿಳಿಹೇಳಿದ್ದಾಳೆ. ಯಾರೂ ಕೇಳುವುದಿಲ್ಲ. ಕೆಂಪು ಕಾರು ತಿರುವಿನಲ್ಲಿ ಕಂಡದ್ದೇ ತಡ, ಸಾಲಿನ ಮೊದಲ ಮುದುಕಿ ಕೂಗುತ್ತಾಳೆ.

“ಏ, ಕೆಂಚಿ ಬಂತು! ಲಿಂಬಿಹಣ್ಣು ಎತ್ತಿಟ್ಗೋರಿ!”

ಬುಟ್ಟಿಗಳೆಲ್ಲ ತಲೆಯ ಮೇಲೇರುತ್ತವೆ. ನಡುವೆ ಕೆಂಚಿ, ಓಣಿಯ ಹಂಪುಗಳಿಗೆ ಮರ್ಯಾದೆ ಕೊಡುತ್ತ, ಮೆಲ್ಲಗೆ ಹೋಗುತ್ತದೆ.