ಬಾರ್ಬರೋ ಹೇಳದ ಸಾಕ್ಷ್ಯ

“ನಿಮ್ಮ ಸಾಕ್ಷ್ಯ ನಿನ್ನೇನೇ ಮುಗೀತಲ್ಲ ಯಜಮಾನ್ರೇ,” ಎಂದ ಬಾಗಿಲ ಬಳಿಯ ಗುಮಾಸ್ತ.

ಕಾರ್ಮೈನ್ ಬಾರ್ಬರೋ ಚೀಲ ಕೆಳಗಿಟ್ಟ. “ನಿನ್ನೆ ನಾನು ನಮ್ಮೂರಲ್ಲಿ ಚರ್ಮ ಕತ್ತರಿಸ್ತಿದ್ದೆ. ವಾಷಿಂಗ್‌ಟನ್ನಿಗೆ ಬಂದು ಬಸ್ ಇಳಿದಿದ್ದೇ ಈಗ.”

ಆದರೆ ಕಡತದಲ್ಲಿ ಅವನ ಹೆಸರಿನಲ್ಲಿ ಹೇಳಿಕೆ ಇತ್ತು — ಕೈಗವಸಿನ ಆಮದು ಸುಂಕ ಇಳಿಸಿದರೆ ನಮ್ಮೂರಿಗೆ ತೊಂದರೆಯಿಲ್ಲ.

ತನಿಖಾಧಿಕಾರಿ ಲೊರೆಟಾ ಟಿಲರಿ ಅದನ್ನು ಓದಿ ಹುಬ್ಬು ಗಂಟಿಕ್ಕಿದಳು. ಸುಂಕ ಇಳಿಸುತ್ತೇವೆಂದು ಜಿನೀವಾದ ವ್ಯಾಪಾರ ಮಾತುಕತೆಯಲ್ಲಿ ಪ್ರಸ್ತಾಪ ಇಡುವ ಮುನ್ನ, ಅದರಿಂದ ಪೆಟ್ಟು ತಿನ್ನುವವರ ಅಹವಾಲನ್ನು ಸರ್ಕಾರ ಕೇಳಲೇಬೇಕು. ಅದು ಕಾನೂನು. ಈ ಪ್ರಸ್ತಾಪ ಸೋಮವಾರ ಹೊರಡಲಿತ್ತು. ಹೊರಟರೆ ಬಾರ್ಬರೋನ ಕೈಗವಸು ಕಾರ್ಖಾನೆಗೆ ಬೀಗ.

ಅವನ ಹೆಸರಲ್ಲಿ ಮಾತಾಡಿದವರು ಯಾರು?

ಅಹವಾಲು ಕೇಳುವ ಅಧಿಕಾರಿ ಹಾರ್ಗ್ರೋವ್ ಇಬ್ಬರನ್ನೂ ಕೂರಿಸಿದ. ಬಾರ್ಬರೋ ಅಂಚೆಯಲ್ಲಿ ಮೊದಲೇ ಕಳಿಸಿದ್ದ ಮಾದರಿ ಕೈಗವಸುಗಳು ಮೇಜಿನ ಮೇಲೆ ಅಂಗೈ ಕೆಳಗಾಗಿ ಸಾಲಾಗಿದ್ದವು. ಹೆಬ್ಬೆರಳುಗಳೆಲ್ಲ ಕಿಟಕಿಯ ಕಡೆಗೆ.

“ನಾನೂ ಮೋಸಹೋದೆ ಮೇಡಂ,” ಎಂದ ಹಾರ್ಗ್ರೋವ್. “ಆಮದುದಾರ ವಾಸ್ ಯಾರನ್ನೋ ಕಳಿಸಿರಬೇಕು. ಮೊನ್ನೆಯಿಂದ ಇಲ್ಲೇ ಸುಳೀತಿದ್ದ.”

“ನಿಮಗೆ ಅನುಮಾನ ಬರಲಿಲ್ವಾ?”

“ಹೇಗೆ ಬರುತ್ತೆ? ಬಂದೋನು ಕಸುಬುದಾರನ ಹಾಗೇ ಇದ್ದ. ಇವನ್ನೇ ಎತ್ತಿ ಎರಡೂ ಕೈಗೆ ಹಾಕ್ಕೊಂಡು ತೋರಿಸಿದ.”

“ಎರಡೂ ಕೈಗೆ?”

“ಎರಡೂ ಕೈಗೆ. ನನ್ನ ಕಣ್ಣಾರೆ ನೋಡಿದ್ದೀನಿ.”

ಲೊರೆಟಾ ಒಂದನ್ನು ಎತ್ತಿ ಅವನ ಮುಂದಿಟ್ಟಳು. “ಹಾಕಿ ನೋಡಿ. ಬಲಗೈಗೆ.”

ಹಾರ್ಗ್ರೋವ್ ಬಲಗೈಯನ್ನು ಮೇಜಿನ ಕೆಳಗೆ ಎಳೆದುಕೊಂಡ.

“ಹೆಬ್ಬೆರಳು ಎಲ್ಲದಕ್ಕೂ ಒಂದೇ ಕಡೆ ಇದೆ. ಎಲ್ಲವೂ ಎಡಗೈಯವು. ಅಲ್ವಾ ಬಾರ್ಬರೋ?”

“ಹೌದು ಮೇಡಂ. ಮಾದರಿಗೆ ಜೋಡಿ ಕಳಿಸೋ ದಡ್ಡ ನಮ್ಮೂರಲ್ಲಿಲ್ಲ. ಕಳಿಸಿದ್ರೆ ಸಾಹೇಬರ ಕೈ ಬೆಚ್ಚಗಾಗುತ್ತೆ, ಮಾಲು ವಾಪಸ್ ಬರಲ್ಲ. ಬಲಗೈಯವು ನನ್ನ ಚೀಲದಲ್ಲಿವೆ.”

“ಹಾಗಾದ್ರೆ ನೀವು ಕಣ್ಣಾರೆ ನೋಡಿದ್ದು ಸುಳ್ಳು. ಇಲ್ಲಿಗೆ ಯಾರೂ ಬರಲಿಲ್ಲ,” ಎಂದಳು ಲೊರೆಟಾ. “ವಾಸ್ ಯಾರನ್ನೂ ಕಳಿಸಲಿಲ್ಲ. ಅಹವಾಲೇ ನಡೀಲಿಲ್ಲ. ಖಾಲಿ ಕೋಣೇಲಿ ಕೂತು ಬರೆದೋರು ನೀವು, ಹಾರ್ಗ್ರೋವ್ ಅವರೇ.”

ಹಾರ್ಗ್ರೋವ್ ಕನ್ನಡಕ ತೆಗೆದ. “ಜಿನೀವಾದವರು ದಿನಾ ಫೋನ್ ಮಾಡ್ತಿದ್ರು. ಒಂದೂರಿನ ಕೈಗವಸಿಗೋಸ್ಕರ ಇಡೀ ಮಾತುಕತೆ ಕಾಯಬೇಕಿತ್ತಾ? ಈತ ಏನು ಹೇಳ್ತಾನೆ ಅಂತ ಎಲ್ಲರಿಗೂ ಗೊತ್ತು. ಕೇಳಿದ್ರೂ ಪ್ರಸ್ತಾಪ ಅದೇ.”

ಅವನ ಮೇಲಿನ ದೂರಿಗೆ ಲೊರೆಟಾ ಅಲ್ಲೇ ಸಹಿ ಹಾಕಿದಳು. ಹೊರಗೆ ಬಂದಾಗ ಬಾರ್ಬರೋ ಕೇಳಿದ, “ಸುಂಕ ಇಳಿಸೋದು ನಿಂತಹಾಗೇನಾ?”

“ನಾಳೆವರೆಗೆ. ನಾಳೆ ಬೇರೆ ಅಧಿಕಾರಿ ನಿಮ್ಮ ಮಾತು ಕೇಳ್ತಾರೆ.”

“ಕೇಳಿ?”

ಸುಳ್ಳು ಹೇಳಲು ಲೊರೆಟಾಗೆ ಮನಸ್ಸಾಗಲಿಲ್ಲ. “ಕೇಳಬೇಕು ಅಂತಷ್ಟೇ ಕಾನೂನಲ್ಲಿದೆ. ಒಪ್ಪಬೇಕು ಅಂತಿಲ್ಲ.”

ಬಾರ್ಬರೋ ಚೀಲವನ್ನು ಹೆಗಲಿಗೇರಿಸಿದ.

“ಎಷ್ಟು ಗಂಟೆಗೆ ಬರಲಿ ಹೇಳಿ. ಈ ಸಲ ‘ಸುಂಕ ಇಳಿಸಬೇಡಿ’ ಅನ್ನೋದನ್ನ ನನ್ನ ಬಾಯಿಂದಲೇ ಹೇಳ್ತೀನಿ.”